ಮೊದಲು ಸೋತವರ ಕೋಟೆ, ಆಮೇಲೆ ಗೆದ್ದವರದ್ದು: ಉತ್ತರ ವೇಲ್ಸ್‌ನಲ್ಲಿ ಒಬ್ಬಳೇ ಕಾರು ಓಡಿಸಿದ 8 ದಿನ

ಲಾನ್‌ರೂಸ್ಟ್ ಎಂಬ ಊರಿನ ಚರ್ಚಿನಲ್ಲಿ ಒಂದು ದೊಡ್ಡ ಕಲ್ಲಿನ ಶವಪೆಟ್ಟಿಗೆ ಇದೆ. ಮುಚ್ಚಳ ಇಲ್ಲ. ಒಳಗೂ ಏನೂ ಇಲ್ಲ. 1240ರಲ್ಲಿ ತೀರಿಕೊಂಡ ಲುವೆಲಿನ್ ದೊರೆಯದ್ದು ಅಂತ ಅಲ್ಲಿನವರು ಹೇಳುತ್ತಾರೆ. ವೇಲ್ಸ್ ಜನ ಇವತ್ತಿಗೂ ಅವನನ್ನು ದೊಡ್ಡ ಲುವೆಲಿನ್ ಅಂತಲೇ ಕರೆಯುವುದು. ಅವನನ್ನು ಮೊದಲು ಹೂಳಿದ್ದು ಇಲ್ಲಲ್ಲ, ಕಾನ್ವಿ ನದಿ ಸಮುದ್ರ ಸೇರುವ ಕಡೆ ಇದ್ದ ಮಠದಲ್ಲಿ. 1283ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಆ ಸೀಮೆಯನ್ನು ಗೆದ್ದ. ಮಠವನ್ನು ಅಲ್ಲಿಂದ ಎಬ್ಬಿಸಿ, ಆ ಜಾಗದಲ್ಲಿ ತನ್ನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದ. ಸನ್ಯಾಸಿಗಳು ನದಿಯ ಮೇಲ್ದಂಡೆಗೆ ಹೋದರು. ದೊರೆಯ ಪೆಟ್ಟಿಗೆಯೂ ಅವರ ಜೊತೆ ಹೋಯಿತು.

ನಾನು ಹೋಗಿದ್ದು ಕೋಟೆ ನೋಡಲು. ಆದರೆ ಮೊದಲ ಬೆಳಿಗ್ಗೆ ನೋಡಿದ್ದು ಈ ಪೆಟ್ಟಿಗೆ. ಬೇಕಂತಲೇ ಹಾಗೆ ಮಾಡಿದೆ. ಉತ್ತರ ವೇಲ್ಸ್‌ಗೆ ಹೋದವರು ಸಾಮಾನ್ಯವಾಗಿ ಎಡ್ವರ್ಡನ ನಾಲ್ಕು ದೊಡ್ಡ ಕೋಟೆ ನೋಡುತ್ತಾರೆ: ಕಾನ್ವಿ, ಕೈರ್ನಾರ್ವನ್, ಹಾರ್ಲೆಕ್, ಬ್ಯೂಮಾರಿಸ್. 1986ರಿಂದ ಇವು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೋತ ದೊರೆಗಳ ಸಣ್ಣ ಕೋಟೆಗಳು ಬೆಟ್ಟದ ಒಳಗೆ ಇವೆ. ಅವನ್ನು ಮೊದಲು ನೋಡಿಕೊಂಡು ಬಂದರೆ ಈ ದೊಡ್ಡವು ಬೇರೆಯೇ ಥರ ಕಾಣುತ್ತವೆ. ಅಲ್ಲಿಗೆ ಬಸ್ಸಿನಲ್ಲಿ ಹೋದರೆ ದಿನವೇ ಹೋಗುತ್ತದೆ. ಅದಕ್ಕೇ ಕಾರು.

ನನಗೆ 56. ಮೈಸೂರಿನಲ್ಲಿ 25 ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಬ್ರಿಟನ್‌ನಲ್ಲೂ ನಮ್ಮ ಹಾಗೇ ರಸ್ತೆಯ ಎಡಕ್ಕೆ ಓಡಿಸುವುದು, ಸ್ಟೀರಿಂಗ್ ಬಲಕ್ಕೆ. ವಿದೇಶದಲ್ಲಿ ಮೊದಲ ಸಲ ಒಬ್ಬರೇ ಓಡಿಸುವವರಿಗೆ ಇದು ದೊಡ್ಡ ಸಮಾಧಾನ. ನಮ್ಮ ಲೈಸೆನ್ಸ್ ಇಟ್ಟುಕೊಂಡು ಅಲ್ಲಿ 12 ತಿಂಗಳವರೆಗೆ ಸಣ್ಣ ಕಾರು ಓಡಿಸಬಹುದು. ಬಾಡಿಗೆ ಕೊಡುವವರು ಕೇಳಿದರೆ ಇರಲಿ ಅಂತ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೂಡ ಮಾಡಿಸಿಕೊಂಡೆ. ಡೆಪಾಸಿಟ್ ಹಿಡಿದಿಟ್ಟುಕೊಳ್ಳಲು ನಮ್ಮ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಸುಮ್ನೆ ಡೆಬಿಟ್ ಕಾರ್ಡ್ ನಂಬಿಕೊಂಡು ಹೋಗಬೇಡಿ.

ಮ್ಯಾಂಚೆಸ್ಟರ್‌ನಲ್ಲಿ ಇಳಿದ ದಿನ ನಾನು ಕಾರು ಮುಟ್ಟಲಿಲ್ಲ. ಒಂದು ರಾತ್ರಿ ಅಲ್ಲೇ ಮಲಗಿ, ಮರುದಿನ ಹತ್ತು ಗಂಟೆಗೆ ತೆಗೆದುಕೊಂಡೆ. ವಿಮಾನದ ನಿದ್ದೆಗಣ್ಣಿನಲ್ಲಿ ಮೋಟಾರ್‌ವೇಗೆ ಇಳಿಯುವುದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಕೇಳಿದ್ದು ಇರುವುದರಲ್ಲೇ ಸಣ್ಣ ಕಾರು. ಅವರು ದೊಡ್ಡದನ್ನು ಅದೇ ಬಾಡಿಗೆಗೆ ಕೊಡುತ್ತೇವೆ ಅಂದರು. ಬೇಡ ಅಂದೆ. ವೇಲ್ಸ್ ಹಳ್ಳಿ ರಸ್ತೆಯಲ್ಲಿ ಒಂದೊಂದು ಇಂಚೂ ಲೆಕ್ಕಕ್ಕೆ ಬರುತ್ತದೆ.

ಇಡೀ ಪ್ರವಾಸಕ್ಕೆ ಎರಡೇ ಊರಿನಲ್ಲಿ ಬಿಡಾರ ಮಾಡಿದೆ. ಮೊದಲು ಲಾನ್‌ರೂಸ್ಟ್‌ನಲ್ಲಿ ನಾಲ್ಕು ರಾತ್ರಿ, ಆಮೇಲೆ ಕೈರ್ನಾರ್ವನ್‌ನಲ್ಲಿ ಮೂರು. ದಿನಾ ಪೆಟ್ಟಿಗೆ ಕಟ್ಟುವ ಕೆಲಸ ಇಲ್ಲ. ಹೋಗಿ ಬರುವ ದೂರವೂ ಸೇರಿ ಎಂಟು ದಿನದಲ್ಲಿ 400 ಮೈಲಿ ದಾಟಲಿಲ್ಲ.

ಈಗ ರಸ್ತೆಯ ವಿಷಯ. ಇದನ್ನು ಸ್ವಲ್ಪ ಜಾಸ್ತಿ ಹೇಳಬೇಕು.

ಎಡಕ್ಕೆ ಓಡಿಸುವುದು ಒಂದೇ ಆದರೂ ಅಭ್ಯಾಸ ಬೇರೆ. ಮೊದಲನೆಯದು ಸರ್ಕಲ್. ನಮ್ಮಲ್ಲಿ ಯಾರು ಮೊದಲು ನುಗ್ಗುತ್ತಾರೋ ಅವರದ್ದೇ ದಾರಿ. ಅಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಲೇಬೇಕು. ಬಲಗಡೆ ಖಾಲಿ ಇದ್ದರೆ ನಿಲ್ಲಬಾರದು, ಹೋಗುತ್ತಿರಬೇಕು. ಎರಡನೆಯದು ವೇಗ. ಬೋರ್ಡು, ಸ್ಪೀಡೋಮೀಟರ್ ಎಲ್ಲ ಮೈಲಿಯಲ್ಲಿ. 2023ರ ಸೆಪ್ಟೆಂಬರ್‌ನಿಂದ ವೇಲ್ಸ್‌ನಲ್ಲಿ ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿ ಮಿತಿ. ಅಂದರೆ 32 ಕಿಲೋಮೀಟರ್. ಊರು ದಾಟಿದ ಮೇಲೆ ಬಿಳಿ ವೃತ್ತದ ಮೇಲೆ ಓರೆಯಾಗಿ ಎಳೆದ ಕಪ್ಪು ಪಟ್ಟಿಯ ಬೋರ್ಡು ಬರುತ್ತದೆ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಅದರ ಅರ್ಥ 60 ಮೈಲಿವರೆಗೆ ಹೋಗಬಹುದು ಅಂತ. ಹೋಗಲೇಬೇಕು ಅಂತಲ್ಲ. ತಿರುವಿನಲ್ಲಿ ನಾನು 30 ದಾಟಲಿಲ್ಲ. ಹಿಂದೆ ಕಾರುಗಳ ಸಾಲು ಬೆಳೆದರೆ ಜಾಗ ಸಿಕ್ಕ ಕಡೆ ಬದಿಗೆ ನಿಲ್ಲಿಸಿ ಅವರನ್ನು ಮುಂದೆ ಬಿಟ್ಟೆ. ಎಲ್ಲರೂ ಕೈ ಎತ್ತಿ ಹೋದರು.

ಮೂರನೆಯದು ಒಂದೇ ಕಾರು ಹಿಡಿಸುವ ರಸ್ತೆ. ಅಲ್ಲಲ್ಲಿ ಬದಿಗೆ ಸರಿಯಲು ಜಾಗ ಮಾಡಿರುತ್ತಾರೆ. ಅದು ಎಡಗಡೆ ಇದ್ದರೆ ಒಳಗೆ ಸರಿಯಬೇಕು. ಬಲಗಡೆ ಇದ್ದರೆ ಅದರ ಎದುರಿಗೇ ನಿಂತು, ಎದುರಿನವರು ಅದರೊಳಗೆ ಸರಿದು ಹೋಗಲು ಬಿಡಬೇಕು. ಫೋಟೋ ತೆಗೆಯಲು ಅಲ್ಲಿ ಕಾರು ನಿಲ್ಲಿಸುವ ಹಾಗಿಲ್ಲ. ಹಿಂದಕ್ಕೆ ಓಡಿಸುವುದು ಚೆನ್ನಾಗಿ ಬರಬೇಕು. ಹೋಗುವ ಮುಂಚೆ ಒಂದು ವಾರ ಮನೆ ಹಿಂದಿನ ಕಿರುದಾರಿಯಲ್ಲಿ ಬರೀ ರಿವರ್ಸ್ ಅಭ್ಯಾಸ ಮಾಡಿದ್ದೆ. ಎರಡನೇ ದಿನವೇ ಎದುರಿಗೆ ಟ್ರ್ಯಾಕ್ಟರ್ ಬಂತು. ಸ್ವಲ್ಪ ದೂರ ಹಿಂದೆ ಹೋದೆ. ಆದರೆ ಬೇಲಿಗೆ ಒತ್ತಿಕೊಂಡು ನಿಂತಾಗ ಎಡಗಡೆ ಚಕ್ರ ಕರ್‌ ಅಂತ ಕಲ್ಲಿಗೆ ಉಜ್ಜಿತು. ಅಲ್ಲಿ ಹಸಿರು ಬೇಲಿ ಅಂತ ಕಾಣುವುದರ ಒಳಗೆ ಎಷ್ಟೋ ಕಡೆ ಕಲ್ಲಿನ ಗೋಡೆ ಇರುತ್ತದೆ. ಪೂರ್ತಿ ವಿಮೆ ಬೇಡ ಅಂದಿದ್ದರಿಂದ ಆ ದುಡ್ಡು ಡೆಪಾಸಿಟ್‌ನಲ್ಲೇ ಮುರಿದುಕೊಂಡರು. ಮುಂದಿನ ಸಲ ಖಂಡಿತ ಪೂರ್ತಿ ವಿಮೆ ತೆಗೆದುಕೊಳ್ಳುತ್ತೇನೆ.

ಫೋನಿನ ಮ್ಯಾಪ್ ಹತ್ತಿರದ ದಾರಿ ಅಂತ ಇಂಥ ಓಣಿಗೇ ಕರೆದುಕೊಂಡು ಹೋಗುತ್ತದೆ. ಅದಕ್ಕೇ ಬೆಳಿಗ್ಗೆ ಹೊರಡುವಾಗಲೇ 'ಎ' ಅಕ್ಷರದ ಮುಖ್ಯ ರಸ್ತೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಲು ಶುರು ಮಾಡಿದೆ. ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮಗಳಿಗೆ ದಿನಾ ಹೊರಡುವ ಮುಂಚೆ ಎಲ್ಲಿಗೆ ಹೋಗುತ್ತೇನೆ, ಸಂಜೆ ಎಷ್ಟಕ್ಕೆ ವಾಪಸ್ ಬರುತ್ತೇನೆ ಅಂತ ಮೆಸೇಜ್ ಹಾಕುತ್ತಿದ್ದೆ. ಒಬ್ಬರೇ ಹೋಗುವವರು ಇದನ್ನು ತಪ್ಪಿಸಬಾರದು.

ನನಗೆ ಜಾಸ್ತಿ ಸಹಾಯ ಮಾಡಿದ್ದು ಅಲ್ಲಿನ ಭಾಷೆ. ಬೋರ್ಡುಗಳೆಲ್ಲ ವೆಲ್ಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಇವೆ. ತಿರುವು ಬರುವ ಮುಂಚೆ ರಸ್ತೆ ಮೇಲೆ 'ಅರಾವ್' ಅಂತ ಬಿಳಿ ಅಕ್ಷರದಲ್ಲಿ ಬರೆದಿರುತ್ತಾರೆ. ನಿಧಾನ ಅಂತ ಅರ್ಥ. ನಮ್ಮಲ್ಲಿ ಹಳ್ಳಿ, ಪುರ, ಕೆರೆ, ದುರ್ಗ ಅಂತ ಕೇಳಿದ ಕೂಡಲೇ ಊರಿನ ಗುರುತು ಸಿಗುತ್ತದೆ ಅಲ್ವಾ, ಹಾಗೇ ಅಲ್ಲೂ. 'ಲಾನ್' ಅಂದರೆ ಚರ್ಚಿನ ಊರು. 'ಆಬೆರ್' ಅಂದರೆ ನದಿ ಬಂದು ಸೇರುವ ಜಾಗ. 'ಪಾಂಟ್' ಸೇತುವೆ. 'ಕೈರ್' ಕೋಟೆ. ಈ ನಾಲ್ಕು ಗೊತ್ತಾದ ಮೇಲೆ ಬೋರ್ಡು ಓದುವುದೇ ಒಂದು ಖುಷಿ.

ಲಾನ್‌ರೂಸ್ಟ್‌ನ ಹಳೇ ಸೇತುವೆ 1636ರದ್ದು. ಮೂರು ಕಮಾನು, ನಡುವೆ ಗೂನು ಬೆನ್ನು. ಒಂದು ಸಲಕ್ಕೆ ಒಂದೇ ಕಾರು. ಮೇಲೆ ಹತ್ತುವ ತನಕ ಆಚೆ ಯಾರಿದ್ದಾರೆ ಅಂತ ಕಾಣುವುದಿಲ್ಲ. ಸೇತುವೆ ಪಕ್ಕದಲ್ಲಿ ಬಳ್ಳಿ ಮುಚ್ಚಿದ ಹಳೇ ಕಲ್ಲಿನ ಮನೆಯಲ್ಲಿ ಟೀ ಅಂಗಡಿ ಇದೆ. ನಾನು ಹೋಗಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಎಲೆ ಕೆಂಪಾಗಲು ಶುರುವಾಗಿತ್ತು. ಅಲ್ಲಿ ಕೂತು 'ಬಾರಾ ಬ್ರಿಥ್' ತಿಂದೆ. ಒಣದ್ರಾಕ್ಷಿಯನ್ನು ಟೀ ಡಿಕಾಕ್ಷನ್‌ನಲ್ಲಿ ನೆನೆಸಿ ಮಾಡುವ ಬ್ರೆಡ್ಡು, ಮೇಲೆ ಬೆಣ್ಣೆ. ಸಸ್ಯಾಹಾರಿಗಳಿಗೆ ಊಟಕ್ಕೆ ತೊಂದರೆ ಆಗುವುದಿಲ್ಲ. ಬ್ರೆಡ್ಡಿನ ಮೇಲೆ ಕರಗಿಸಿದ ಚೀಸ್ ಸುರಿದು ಸುಟ್ಟುಕೊಡುವ ವೆಲ್ಷ್ ರೇರ್‌ಬಿಟ್ ಬಹಳ ಕಡೆ ಸಿಗುತ್ತದೆ.

ಅಲ್ಲಿಂದ ಎ470 ರಸ್ತೆಯಲ್ಲಿ ಡೋಲ್‌ವಿದೆಲನ್. ದೊಡ್ಡ ಲುವೆಲಿನ್ ಕಟ್ಟಿಸಿದ ಕೋಟೆ. ಕೆಳಗೆ ಕಾರು ನಿಲ್ಲಿಸಿ, ಕುರಿ ಮೇಯುವ ಹೊಲದ ದಾರಿಯಲ್ಲಿ ಹತ್ತಬೇಕು. ಒಂದು ಚೌಕ ಬುರುಜು, ಪಕ್ಕದಲ್ಲಿ ಸ್ವಲ್ಪ ಬಿದ್ದ ಗೋಡೆ, ಅಷ್ಟೇ. ತುದಿಯ ತೆನೆಗೋಡೆ 19ನೇ ಶತಮಾನದಲ್ಲಿ ರಿಪೇರಿ ಮಾಡಿದ್ದು. ನಾನು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಮೇಲೆ ನಿಂತರೆ ಕಣಿವೆಯ ದಾರಿ ಎರಡೂ ಕಡೆ ಕಾಣುತ್ತದೆ. ಆ ದಾರಿ ಕಾಯುವುದಕ್ಕೇ ಇದು. 1283ರ ಜನವರಿಯಲ್ಲಿ ಎಡ್ವರ್ಡನ ಕೈಗೆ ಹೋಯಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, 1282ರ ಡಿಸೆಂಬರ್‌ನಲ್ಲಿ, ದೊಡ್ಡ ಲುವೆಲಿನ್‌ನ ಮೊಮ್ಮಗ ಇನ್ನೊಬ್ಬ ಲುವೆಲಿನ್ ಕಾಳಗದಲ್ಲಿ ಸತ್ತಿದ್ದ.

ಇದು ಮನಸ್ಸಿನಲ್ಲಿರುವಾಗಲೇ ಮರುದಿನ ಕಾನ್ವಿಗೆ ಹೋದೆ. ಕಾರನ್ನು ಊರಿನ ಗೋಡೆಯ ಹೊರಗೇ ನಿಲ್ಲಿಸಿ, ಒಳಗಿನ ಬೀದಿ ಬಹಳ ಕಿರಿದು. ಕೋಟೆಗೆ ಎಂಟು ದೈತ್ಯ ಬುರುಜುಗಳು. ಊರನ್ನು ಸುತ್ತಿದ 1.3 ಕಿಲೋಮೀಟರ್ ಗೋಡೆ, ಅದಕ್ಕೆ 21 ಬುರುಜು. ಎಲ್ಲ ಮುಗಿದದ್ದು 1283ರಿಂದ 1287ರ ಒಳಗೆ. ಮೇಸ್ತ್ರಿ ಸವೋಯ್ ಸೀಮೆಯ ಜೇಮ್ಸ್. ಡೋಲ್‌ವಿದೆಲನ್ ನೋಡದೆ ಬಂದಿದ್ದರೆ ಅಬ್ಬಾ ಎಷ್ಟು ಚೆಂದ ಅಂದುಕೊಂಡು ಹೋಗುತ್ತಿದ್ದೆ. ನೋಡಿ ಬಂದಿದ್ದರಿಂದ ಭಯ ಆಯಿತು. ಕುರಿ ಹೊಲದ ಆ ಒಂಟಿ ಬುರುಜಿನ ಜನರಿಗೆ ಇದನ್ನು ಕಂಡಾಗ ಏನನ್ನಿಸಿರಬೇಕು! ಊರಿನ ಗೋಡೆಯಲ್ಲಿ ಒಂದು ಕಡೆ ಕಿಟಕಿಗಳಿವೆ. ಅದು ಲುವೆಲಿನ್ ದೊರೆಗಳ ಸಭಾಮನೆಯ ಗೋಡೆ, ಹಾಗೇ ಇದರೊಳಗೆ ಸೇರಿಸಿಕೊಂಡುಬಿಟ್ಟರು. ಇಷ್ಟೆಲ್ಲ ಕಟ್ಟಿದರೂ 1401ರ ಗುಡ್ ಫ್ರೈಡೇ ದಿನ ಕಾವಲಿನವರು ಪ್ರಾರ್ಥನೆಗೆ ಹೋಗಿದ್ದಾಗ, ವೇಲ್ಸ್‌ನ ಕಡೆಯವರು ಬಡಗಿಗಳ ವೇಷದಲ್ಲಿ ಒಳಗೆ ನುಗ್ಗಿ ಕೋಟೆ ಹಿಡಿದರು.

ಐದನೇ ದಿನ ಲಾನ್‌ಬೆರಿಸ್ ಕಣಿವೆ. ಎರಡೂ ಕಡೆ ಬಂಡೆ ಮತ್ತು ಕಲ್ಲುಗೋಡೆ. ಕಣಿವೆಯ ನೆತ್ತಿಯ ಪಾರ್ಕಿಂಗ್ ಮೊದಲೇ ಬುಕ್ ಮಾಡದೆ ಸಿಗುವುದಿಲ್ಲ. ನಾನು ನಿಲ್ಲಿಸದೆ ಕೆಳಗೆ ಇಳಿದು ಡೋಲ್‌ಬಾಡರ್ನ್‌ಗೆ ಹೋದೆ. ಕೆರೆ ಪಕ್ಕ ಒಂಟಿ ದುಂಡು ಬುರುಜು. ಟಿಕೆಟ್ ಇಲ್ಲ. ಇದೂ ದೊಡ್ಡ ಲುವೆಲಿನ್‌ನದ್ದೇ. ಎಡ್ವರ್ಡನ ಜನ ಇದರ ಮರಮುಟ್ಟು ಕಿತ್ತು ಕೈರ್ನಾರ್ವನ್ ಕೋಟೆಗೆ ಸಾಗಿಸಿದರು. ಆ ಮರ ಹೋದ ದಿಕ್ಕಿನಲ್ಲೇ ನಾನೂ ಕಾರು ಓಡಿಸಿದೆ. ಎಂಟು ಮೈಲಿಯೂ ಇಲ್ಲ.

ಕೈರ್ನಾರ್ವನ್‌ನ ಬುರುಜುಗಳು ದುಂಡಗಿಲ್ಲ, ಮೂಲೆ ಮೂಲೆಯಾಗಿವೆ. ಗೋಡೆಯಲ್ಲಿ ಬಣ್ಣ ಬಣ್ಣದ ಕಲ್ಲಿನ ಪಟ್ಟಿ. ಒಂದನೇ ಎಡ್ವರ್ಡನ ಮಗ ಎರಡನೇ ಎಡ್ವರ್ಡ್ 1284ರಲ್ಲಿ ಹುಟ್ಟಿದ್ದು ಇಲ್ಲೇ. ಊರಿನ ಗೋಡೆಯ ಒಳಗೆ ಇಂಗ್ಲೆಂಡಿನಿಂದ ಕರೆತಂದ ಜನರಿಗೆ ಮನೆ ಕೊಟ್ಟಿದ್ದರು. ಈಗ ಆ ಊರಿನಲ್ಲಿ ಹೆಚ್ಚಿನವರ ಮಾತು ವೆಲ್ಷ್. ಸಂಜೆ ಕೋಟೆ ಕೆಳಗೆ ಮಕ್ಕಳು ಅದೇ ಭಾಷೆಯಲ್ಲಿ ಕೂಗಾಡುತ್ತಾ ಆಡುತ್ತಿದ್ದರು. ನಾನು ಬೆಂಚಿನ ಮೇಲೆ ಕೂತು ತುಂಬಾ ಹೊತ್ತು ಕೇಳಿದೆ.

ಹಾರ್ಲೆಕ್‌ಗೆ ಒಂದು ದಿನ ಇಡಿ. ಬಂಡೆಯ ನೆತ್ತಿಯಿಂದ ಕೆಳಕ್ಕೆ 108 ಮೆಟ್ಟಿಲು. ಒಂದು ಕಾಲದಲ್ಲಿ ಸಮುದ್ರ ಅಲ್ಲಿಯವರೆಗೂ ಇತ್ತು, ಈಗ ದೂರ ಸರಿದಿದೆ. ಈ ಎಲ್ಲ ಕೋಟೆಗಳನ್ನೂ ನೋಡಿಕೊಳ್ಳುವುದು 'ಕ್ಯಾಡು' ಎಂಬ ವೇಲ್ಸ್ ಸರ್ಕಾರದ ಇಲಾಖೆ. ಆ ಪದದ ಅರ್ಥವೇ ಕಾಪಾಡು. ಬೇರೆ ಬೇರೆ ಟಿಕೆಟ್ ಬದಲು ಅವರ ಹಲವು ದಿನದ ಪಾಸ್ ತೆಗೆದುಕೊಂಡೆ.

ಕೊನೆಗೆ ಬ್ಯೂಮಾರಿಸ್, ಆಂಗ್ಲ್‌ಸಿ ದ್ವೀಪದಲ್ಲಿ. ಎಂಜಿನಿಯರ್ ಟೆಲ್ಫರ್ಡ್ 1826ರಲ್ಲಿ ಮುಗಿಸಿದ ತೂಗುಸೇತುವೆ ದಾಟಿ ಹೋದೆ. ಗೋಡೆಯೊಳಗೆ ಗೋಡೆ, ಸುತ್ತಲೂ ನೀರಿನ ಕಂದಕ. ನಮ್ಮ ಚಿತ್ರದುರ್ಗದ ಸುತ್ತುಗಳು ಬೆಟ್ಟ ಹೇಳಿದ ಹಾಗೆ ಬಳುಕುತ್ತವೆ. ಇಲ್ಲಿ ನೆಲ ಚಪ್ಪಟೆ, ಎಲ್ಲ ಅಳತೆ ಹಿಡಿದು ಎಳೆದ ಗೆರೆ. 1295ರಲ್ಲಿ ಶುರುವಾಯಿತು. ದುಡ್ಡು ಮುಗಿದು ಕೆಲಸ ನಿಂತಿತು. ಬುರುಜುಗಳು ಅರ್ಧಕ್ಕೇ ಇವೆ.

ಇದಕ್ಕೋಸ್ಕರ ಪಕ್ಕದ ಲಾನ್‌ವೈಸ್ ಊರಿನ ಜನರನ್ನು ಎಬ್ಬಿಸಿ ದ್ವೀಪದ ಇನ್ನೊಂದು ತುದಿಗೆ ಕಳಿಸಿದರು. ಅವರಿಗೆ ಹೊಸ ಊರು ಕೊಟ್ಟರು. ಇಂಗ್ಲಿಷಿನಲ್ಲಿ ಅದರ ಹೆಸರೇ ನ್ಯೂಬರೋ, ಹೊಸ ಪೇಟೆ. ಮಧ್ಯಾಹ್ನ ನಾನೂ ಅಲ್ಲಿಗೆ ಹೊರಟೆ. ಕಾರಿನಲ್ಲಿ ಸುಮಾರು ಅರ್ಧ ಗಂಟೆ. ಸಾಮಾನು, ಮಕ್ಕಳು, ದನ ಕಟ್ಟಿಕೊಂಡು ಹೋದವರಿಗೆ ಎಷ್ಟು ಹೊತ್ತಾಗಿತ್ತೋ.

ಅಲ್ಲಿ ನೋಡಲು ಕೋಟೆ ಇಲ್ಲ. ಸಾಲು ಮನೆ, ಒಂದು ಅಂಗಡಿ. ನೀರಿನ ಬಾಟಲಿ ಕೊಂಡು, ಊರಿನ ವೆಲ್ಷ್ ಹೆಸರನ್ನು ಹೇಗೆ ಹೇಳುವುದು ಅಂತ ಅಂಗಡಿಯ ಹೆಂಗಸನ್ನು ಕೇಳಿದೆ. ಅವರು ಮೂರು ಸಲ ನಿಧಾನವಾಗಿ ಹೇಳಿದರು. ಕೊನೆಯ ಅಕ್ಷರ ಗಂಟಲಿನಿಂದ ಬರಬೇಕು. ನೋಟ್‌ಬುಕ್ ತೆಗೆದು ಕನ್ನಡದಲ್ಲಿ ಬರೆದುಕೊಂಡೆ: ನಿವ್‌ಬುರ್ಖ್. ಓದಿ ತೋರಿಸಿದೆ. ಸರಿಯಾಗಿದೆ ಅಂದರು.