ಕುರ್ಚಿ ಬರುವ ಮೊದಲೇ ಕೈ ಪಳಗಲಿ

ಬ್ಯಾಟರಿಯಿಂದ ಓಡುವ ಪವರ್ ವೀಲ್‌ಚೇರ್‌ಗೆ ಆರ್ಡರ್ ಕೊಟ್ಟ ಮೇಲೆ ಅದು ತುಮಕೂರಿನ ನಮ್ಮ ಮನೆಗೆ ಬರಲು ಎರಡೂವರೆ ತಿಂಗಳು ಹಿಡಿಯಿತು. ನನ್ನದು ಸ್ನಾಯುಗಳು ಸೋಲುವ ಕಾಯಿಲೆ. ಬಲಗೈ ಬೆರಳುಗಳಲ್ಲಿ ಇನ್ನೂ ಹಿಡಿತವಿದೆ. ಆ ದಿನಗಳನ್ನು ಸುಮ್ನೆ ಕಳೆಯಲು ಮನಸ್ಸಾಗಲಿಲ್ಲ. ಎಂಜಿನಿಯರಿಂಗ್ ಓದುವ ಅಕ್ಕನ ಮಗ ಟೇಪ್ ಹಿಡಿದು ಮನೆಯನ್ನೆಲ್ಲ ಅಳೆದ. ಕಂಪ್ಯೂಟರ್ ಆಟಗಳನ್ನು ಮಾಡುವ ಯೂನಿಟಿ ಸಾಫ್ಟ್‌ವೇರ್‌ನಲ್ಲಿ ಅದೇ ಮನೆಯನ್ನು ಕಟ್ಟಿಕೊಟ್ಟ, ಕುರ್ಚಿ ಓಡಿಸೋದನ್ನು ನಾನು ತೆರೆಯ ಮೇಲೆಯೇ ಕಲಿಯಲಿ ಅಂತ. ಅಡುಗೆಮನೆ ಬಾಗಿಲು 30 ಇಂಚು, ಕುರ್ಚಿಯ ಅಗಲ 25. ಬಾಗಿಲ ಪಕ್ಕದ ಅಮ್ಮನ ಒರಳುಕಲ್ಲನ್ನೂ ಬಿಡಲಿಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್‌ನಲ್ಲಿ ಕುರ್ಚಿ ಓಡಿಸಿ ಅಭ್ಯಾಸ ಮಾಡುವ ವ್ಯವಸ್ಥೆ, ಮಾಡಿದ್ದಾರೆ. ನಮ್ಮದು ಅದರ ಮುಂದೆ ಚಿಕ್ಕದು, ಆದರೆ ನಮ್ಮ ಮನೆಯದೇ.

ಮೊದಲು ಜಾಯ್‌ಸ್ಟಿಕ್, ಅಂದರೆ ಕುರ್ಚಿ ಓಡಿಸುವ ಪುಟ್ಟ ಹಿಡಿಕೆ, ಎಲ್ಲಿಡಬೇಕು ಅನ್ನೋದು ನೋಡಿ. ಮೇಜಿನ ಮೇಲೆ ಬೇಡ. ಅಲ್ಲಿ ಭುಜದಿಂದ ತಳ್ಳುವ ಅಭ್ಯಾಸವಾಗುತ್ತದೆ, ಕುರ್ಚಿಯಲ್ಲಿ ಅದು ನಡೆಯಲ್ಲ. ಕೂರುವ ಕುರ್ಚಿಯ ಕೈಯ ತುದಿಗೇ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಮೊಣಕೈಗೆ ಆಸರೆ ಇರಲಿ.

ಆಮೇಲೆ ನಿಲ್ಲಿಸೋದನ್ನು ಕಲಿಯಿರಿ. ಓಡಿಸೋದಕ್ಕಿಂತ ಮುಂಚೆ. ಈ ಕುರ್ಚಿಗೆ ಬೇರೆ ಬ್ರೇಕ್ ಹಿಡಿಯುವಂಥದ್ದಿಲ್ಲ, ಜಾಯ್‌ಸ್ಟಿಕ್‌ನಿಂದ ಕೈ ಬಿಟ್ಟರೆ ಅದೇ ಬ್ರೇಕ್. ಹೇಳೋಕೆ ಸುಲಭ. ಆದರೆ ಗಾಬರಿಯಾದಾಗ ಕೈ ಬಿಡುವುದಿಲ್ಲ, ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಮೊದಲ ದಿನ ಗೋಡೆ ಹತ್ತಿರ ಬಂದಾಗ ನನ್ನ ಬೆರಳು ಬೆಳ್ಳಗಾಗುವಷ್ಟು ಬಿಗಿದಿದ್ದೆ. ಹುಡುಗ ಪಕ್ಕದಲ್ಲಿ ನಿಂತು, "ಮಾವ, ಕೈ ಬಿಡಿ, ಬಿಟ್ಟುಬಿಡಿ!" ಅಂತ ಕೂಗಿದ. ಆಮೇಲೆ ಅದನ್ನೇ ಪಾಠ ಮಾಡಿಕೊಂಡೆವು. ಅವನು ಯಾವಾಗ ಬೇಕಾದರೂ "ನಿಲ್ಲಿ" ಅನ್ನೋದು, ನಾನು ಬೆರಳು ಬಿಚ್ಚೋದು. ದಿನಕ್ಕೆ 20 ಸಲ. ಎರಡನೇ ವಾರಕ್ಕೆ ಯೋಚಿಸದೆಯೇ ಬೆರಳು ಬಿಚ್ಚಿಕೊಳ್ಳತೊಡಗಿತು. ಸಿಮ್ಯುಲೇಟರ್‌ನಿಂದ ನನಗೆ ಸಿಕ್ಕ ದೊಡ್ಡ ಲಾಭ ಇದೇ.

ನಿಮ್ಮ ಕುರ್ಚಿಗೆ ಮೋಟಾರ್ ಯಾವ ಚಕ್ರಕ್ಕಿದೆ ಅಂತ ಕೇಳಿ ತಿಳಿದುಕೊಳ್ಳಿ, ಸಿಮ್ಯುಲೇಟರ್‌ನಲ್ಲೂ ಹಾಗೇ ಹೊಂದಿಸಿ. ನನ್ನದು ಹಿಂದಿನ ಚಕ್ರದ್ದು. ತಿರುಗಿಸಿದರೆ ಮುಂದಿರುವ ಪಾದಗಳೇ ಜಾಸ್ತಿ ಬೀಸುತ್ತವೆ. ಹಾಗಾಗಿ ಪಕ್ಕದ ಬಾಗಿಲಿಗೆ ಹೋಗಬೇಕಾದಾಗ ಬಾಗಿಲಿನ ಗೋಡೆಯಿಂದ ದೂರ ಸರಿದು, ಅಗಲವಾಗಿ ತಿರುಗಬೇಕು. ನಡುವಿನ ಚಕ್ರಕ್ಕೆ ಮೋಟಾರ್ ಇರುವ ಕುರ್ಚಿ ನಿಂತಲ್ಲೇ ಸುತ್ತುತ್ತದೆ, ಅದಕ್ಕೆ ಇಷ್ಟು ಜಾಗ ಬೇಡ.

ತೆರೆಯ ಮೇಲೆ ದೂರ ಅಂದಾಜಾಗಲ್ಲ, ಅಲ್ವಾ? ಎರಡು ಬದಲಾವಣೆ ನನಗೆ ನೆರವಾದವು. ನೋಟವನ್ನು ಕೂತವರ ಕಣ್ಣಿನ ಎತ್ತರಕ್ಕೆ, ಸುಮಾರು 4 ಅಡಿಗೆ, ಇಳಿಸಿದೆವು. ಪಾದ ಮತ್ತು ಕಾಲಿಡುವ ಪಟ್ಟಿ ತೆರೆಯ ಕೆಳಗೆ ಕಾಣುವಂತೆ ಮಾಡಿದೆವು. ಕಣ್ಣ ಸುತ್ತಲೂ ದೃಶ್ಯ ತೋರಿಸುವ ವಿಆರ್ ಕನ್ನಡಕ ಹಾಕಿದಾಗ ಮಾತ್ರ ತಲೆ ಸುತ್ತಿ ಹೊಟ್ಟೆ ತೊಳಸಿತು. ಕಣ್ಣು ಓಡುತ್ತಿದ್ದೇವೆ ಅನ್ನುತ್ತದೆ, ಒಳಕಿವಿ ಕೂತಿದ್ದೇವೆ ಅನ್ನುತ್ತದೆ. ಹತ್ತು ನಿಮಿಷದೊಳಗೆ ತೆಗೆದಿಡಿ. ಲ್ಯಾಪ್‌ಟಾಪ್ ತೆರೆಯೇ ಸಾಕು.

ಅಭ್ಯಾಸದ ಕ್ರಮಕ್ಕೆ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ವೀಲ್‌ಚೇರ್ ಸ್ಕಿಲ್ಸ್ ಪ್ರೋಗ್ರಾಂ ಕೈಪಿಡಿ ನೋಡಿ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನೇರ ಹೋಗೋದು, ತಿರುಗೋದು, ಹಿಂದಕ್ಕೆ ಬರೋದು, ಬಾಗಿಲು ದಾಟೋದು, ಹೀಗೆ ಒಂದೊಂದೇ. ದಿನಕ್ಕೆ 20 ನಿಮಿಷ ಸಾಕು. ಬೆರಳು ದಣಿದ ಮೇಲೆ ಮಾಡಿದ ಅಭ್ಯಾಸದಿಂದ ತಪ್ಪೇ ರೂಢಿಯಾಗುತ್ತದೆ.

ಹೊಸಿಲನ್ನು ಮಾತ್ರ ಕಂಪ್ಯೂಟರ್ ಕಲಿಸಲಿಲ್ಲ. ನಿಜವಾದ ಕುರ್ಚಿ ನಮ್ಮ ಹೊಸಿಲಿಗೆ ಹಾಕಿದ ಮರದ ಇಳಿಜಾರು ಹತ್ತಿದಾಗ ಮೈಯೆಲ್ಲ ಕುಲುಕಿತು, ಆ ಕುಲುಕಿಗೆ ಬೆರಳು ಮುಂದಕ್ಕೆ ಸರಿದು ಕುರ್ಚಿ ಜಿಗಿಯಿತು. ಈಗ ಕಿರುಬೆರಳನ್ನು ಜಾಯ್‌ಸ್ಟಿಕ್ ಪೆಟ್ಟಿಗೆಯ ಅಂಚಿಗೆ ಒತ್ತಿಟ್ಟುಕೊಂಡೇ ಹೊಸಿಲು ದಾಟುತ್ತೇನೆ. ಹಾಗಾಗಿ ಕುರ್ಚಿ ಬಂದ ಮೊದಲ ದಿನ ಅಂಗಳದಂಥ ಬಯಲು ಜಾಗ ಆರಿಸಿ, ವೇಗವನ್ನು ಅತಿ ಕಡಿಮೆಗೆ ಇಟ್ಟು, ಬೆಲ್ಟ್ ಹಾಕಿಕೊಂಡು ಶುರು ಮಾಡಿ. ಪಕ್ಕದಲ್ಲಿ ಒಬ್ಬರು ಇರಲಿ. ಪವರ್ ಬಟನ್ ಎಲ್ಲಿದೆ ಅನ್ನೋದು ಅವರಿಗೂ ಗೊತ್ತಿರಬೇಕು. ಇಳಿಜಾರು, ಹೊಸಿಲುಗಳನ್ನು ಥೆರಪಿಸ್ಟ್ ನೋಡುತ್ತಿರುವಾಗಲೇ ಮೊದಲು ದಾಟಿ.

ನಾಲ್ಕನೇ ದಿನ ನಾನು ಅಡುಗೆಮನೆ ಬಾಗಿಲಿಗೆ ಬಂದೆ. ಅಗಲವಾಗಿ ತಿರುಗಿ, ಒರಳುಕಲ್ಲನ್ನು ಬಲಕ್ಕೆ ಬಿಟ್ಟು ಒಳಗೆ ಹೋದೆ. ಒಲೆ ಮುಂದೆ ನಿಂತಿದ್ದ ಅಮ್ಮ, "ಬಂದ್ಯಾ? ಕಾಫಿ ಇಲ್ಲೇ ಕುಡಿ" ಅಂದರು.