ಸೀಟಿ ಊದದ ಆಟ

ಇಳಕಲ್ಲಿನಲ್ಲಿ ಕಲ್ಲಿಗೆ ಬರವಿಲ್ಲ. ಪಾಲಿಶ್ ಘಟಕಗಳ ಹಿಂದೆ ಕೆಂಪು ಗ್ರಾನೈಟಿನ ತುಂಡುಗಳು ರಾಶಿ ಬಿದ್ದಿರುತ್ತವೆ. ಮಕ್ಕಳಿಗೆ ಕರ್ಲಿಂಗ್ ಆಡಿಸಬೇಕೆಂಬ ಹುಚ್ಚು ನನಗೆ ಹಿಡಿದದ್ದು ಅಂಥದೊಂದು ರಾಶಿಯ ಮುಂದೆ ನಿಂತಾಗ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡಿದ್ದೆ. ಮಂಜುಗಡ್ಡೆಯ ಮೇಲೆ ಕಲ್ಲನ್ನು ಜಾರಿಸಿ ಆಚೆ ತುದಿಯ ವೃತ್ತದ ನಡುವಿಗೆ ತಲುಪಿಸುವ ಆಟ ಅದು. ಆ ಕಲ್ಲೂ ಗ್ರಾನೈಟೇ. ಸ್ಕಾಟ್ಲೆಂಡಿನ ಕರಾವಳಿಯಾಚೆ ಐಲ್ಸಾ ಕ್ರೇಗ್ ಎಂಬ ಜನವಸತಿಯಿಲ್ಲದ ದ್ವೀಪವಿದೆ. ಒಲಿಂಪಿಕ್ಸಿಗೆ ಕಲ್ಲು ಬರುವುದು ಅಲ್ಲಿಂದ. ಒಂದೊಂದು ಕಲ್ಲೂ ಹೆಚ್ಚೆಂದರೆ 19.96 ಕಿಲೋ.

ಅಷ್ಟು ಭಾರ ನಮಗೆ ಬೇಡವಾಗಿತ್ತು. ಪರಿಚಯದ ಕೆಲಸಗಾರರೊಬ್ಬರು ಚೂರು ಚಪ್ಪಡಿಗಳಲ್ಲಿ ಏಳು ಅಂಗುಲದ ಬಿಲ್ಲೆ ಕತ್ತರಿಸಿ, ಎರಡೆರಡನ್ನು ಅಂಟಿಸಿ ಕೊಟ್ಟರು. ತೂಕ ಎರಡೂಮುಕ್ಕಾಲು ಕಿಲೋ ಬಂತು. ಅಡಿಯಲ್ಲಿ ಎಲ್ಲ ದಿಕ್ಕಿಗೂ ಉರುಳುವ ಉಕ್ಕಿನ ಗುಂಡಿನ ಮೂರು ಪುಟ್ಟ ಚಕ್ರ, ಮೇಲೆ ಬಾಗಿಲಿನ ಹಿಡಿಕೆ. ನಿಜವಾದ ಅಂಕಣ ಸುಮಾರು 46 ಮೀಟರ್ ಉದ್ದ; ನಮ್ಮ ಶಾಲೆಯ ಸಭಾಂಗಣದಲ್ಲಿ ಸಿಕ್ಕಿದ್ದು 18. ಮಂಜುಗಡ್ಡೆಯ ಮೇಲೆ ಕಲ್ಲು ಬಾಗಿ ಸಾಗುತ್ತದೆ, ಅದರ ಮುಂದೆ ಪೊರಕೆಯಿಂದ ಉಜ್ಜಿ ಅದನ್ನು ಇನ್ನಷ್ಟು ದೂರ ಒಯ್ಯುತ್ತಾರೆ. ನಮ್ಮ ನೆಲದಲ್ಲಿ ಕಲ್ಲು ಬಾಗಿ ಹೋಗುವುದಿಲ್ಲ, ಮುಂದೆ ಗುಡಿಸಿದರೂ ಪ್ರಯೋಜನವಿಲ್ಲ. ಹೀಗಾಗಿ ಆಟದ ಅರ್ಧ ಸೊಗಸು ಮೊದಲ ದಿನವೇ ಹೋಯಿತು. ಪೊರಕೆಗೆ ಉಳಿದದ್ದು ಒಂದೇ ಕೆಲಸ: ಆ ತುದಿಯಲ್ಲಿ ನಿಂತ ನಾಯಕ ಅದನ್ನು ಹಿಡಿದು ಗುರಿ ತೋರಿಸುವುದು.

ನಿಯಮಗಳನ್ನು ಮಕ್ಕಳು ಒಂದು ವಾರದಲ್ಲಿ ಕಲಿತರು. ತಂಡಕ್ಕೆ ನಾಲ್ವರು, ತಲೆಗೆ ಎರಡು ಕಲ್ಲು, ಒಂದು ಸರದಿಗೆ ಎರಡೂ ತಂಡ ಸೇರಿ ಹದಿನಾರು. ವೃತ್ತಕ್ಕೆ ಇಂಗ್ಲಿಷಿನಲ್ಲಿ ಮನೆ ಎಂದೇ ಹೆಸರು. ಅದನ್ನು ಅನುವಾದಿಸುವ ಗೋಜೇ ಇರಲಿಲ್ಲ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ನಡುವಿಗೆ ಸಮೀಪವಿರುವ ನಮ್ಮ ಕಲ್ಲುಗಳಿಗೆಲ್ಲ ಒಂದೊಂದು ಅಂಕ. ಕೈಯಲ್ಲಿನ ಕಲ್ಲನ್ನು ಬಿಟ್ಟುಬಿಡಬೇಕಾದ ಗೆರೆಯ ಇಂಗ್ಲಿಷ್ ಹೆಸರಿನಲ್ಲಿ ಹಂದಿ ಇರುವುದು ಗೊತ್ತಾದ ಮೇಲೆ ಅದು ‘ಹಂದಿಗೆರೆ’ಯಾಯಿತು. ಮತ್ತಾವ ನಿಯಮವೂ ಅವರಿಗೆ ಅಷ್ಟು ಗಟ್ಟಿಯಾಗಿ ನೆನಪಿಲ್ಲ.

ತೊಡಕು ಶುರುವಾದದ್ದು ಸೀಟಿಯಿಂದ. ಇಪ್ಪತ್ತು ವರ್ಷ ಕಬಡ್ಡಿಗೆ, ಖೋಖೋಗೆ ಸೀಟಿ ಊದಿದವನು ನಾನು. ಕಬಡ್ಡಿಯಲ್ಲಿ ಮೈ ಸೋಕಿದ್ದನ್ನು ತಾನಾಗಿ ಒಪ್ಪಿಕೊಂಡ ಹುಡುಗನನ್ನು ಬೆರಳೆಣಿಕೆಯಷ್ಟು ಸಲವೂ ಕಂಡಿಲ್ಲ. ತೊಡೆಯ ಮೇಲೆ ಐದು ಬೆರಳಿನ ಗುರುತಿದ್ದರೂ ‘ತಾಯಾಣೆಗೂ ಅಂಟಿಲ್ಲ ಸರ್’ ಎನ್ನುತ್ತಾರೆ. ಅದನ್ನು ಸುಳ್ಳೆಂದು ಯಾರೂ ಲೆಕ್ಕಕ್ಕಿಡುವುದಿಲ್ಲ. ಹಿಡಿಯುವುದು ಪಂಚರ ಕೆಲಸ, ಜಾರಿಕೊಳ್ಳುವುದು ಆಟಗಾರನ ಕೆಲಸ. ಕರ್ಲಿಂಗಿನಲ್ಲಿ ಈ ಲೆಕ್ಕ ಉಲ್ಟಾ. ಚಲಿಸುವ ಕಲ್ಲಿಗೆ ನಿಮ್ಮ ಕಾಲೋ ಪೊರಕೆಯೋ ತಗುಲಿದರೆ ನೀವೇ ಹೇಳಬೇಕು. ಅದು ಇನ್ನೂ ಆಚೆ ತುದಿಯ ಹಂದಿಗೆರೆ ದಾಟಿರದಿದ್ದರೆ ನೀವೇ ತಕ್ಷಣ ಎತ್ತಿಡಬೇಕು. ದಾಟಿದ್ದರೆ ಎಲ್ಲ ಕಲ್ಲುಗಳೂ ನಿಲ್ಲುವವರೆಗೆ ಬಿಟ್ಟು, ಎದುರು ತಂಡಕ್ಕೆ ತೀರ್ಮಾನ ಒಪ್ಪಿಸಬೇಕು. ಅವರ ಮುಂದೆ ಮೂರು ದಾರಿ: ಕಲ್ಲನ್ನು ತೆಗೆಸಿ ಉಳಿದವನ್ನು ಮೊದಲಿದ್ದಲ್ಲಿಗೆ ಸರಿಸುವುದು, ಇದ್ದದ್ದನ್ನು ಇದ್ದಹಾಗೆ ಬಿಡುವುದು, ಇಲ್ಲವೇ ತಗುಲದಿದ್ದರೆ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿ ಇಡುವುದು.

ಹಾಗೆಂದು ಆ ಆಟದವರೆಲ್ಲ ಸಾಧುಸಂತರಲ್ಲ. 2015ರಲ್ಲಿ ಹೊಸ ಬಗೆಯ ಬಟ್ಟೆಯ ಪೊರಕೆಗಳು ಬಂದು, ಉಜ್ಜಿಯೇ ಕಲ್ಲಿನ ದಾರಿ ತಿರುಗಿಸಬಹುದೆಂದಾದಾಗ ದೊಡ್ಡ ಜಗಳವೇ ನಡೆಯಿತು. ಪ್ರಮುಖ ತಂಡಗಳು ಅವನ್ನು ಬಳಸುವುದಿಲ್ಲವೆಂದು ತಾವೇ ಸಹಿ ಹಾಕಿದವು. ಮರುವರ್ಷ ವಿಶ್ವ ಒಕ್ಕೂಟ ಪೊರಕೆಯ ಬಟ್ಟೆಗೂ ನಿಯಮ ತಂದಿತು. ಆಟಗಾರರು ಮೊದಲು, ಕಾನೂನು ಆಮೇಲೆ. ಈ ಕ್ರಮ ನನಗೆ ಹಿಡಿಸಿತು. ಸೀಟಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಒಂಬತ್ತನೆಯ ತರಗತಿಯ ಎರಡು ವಿಭಾಗಗಳ ಪಂದ್ಯ. ಕೊನೆಯ ಸರದಿ, ಅಂಕ ಸಮ. ಬಿ ವಿಭಾಗದ ನಾಯಕಿ ಪೊರಕೆ ಹಿಡಿದು ಮನೆಯಲ್ಲಿ ನಿಂತಿದ್ದಳು. ಅವರದೇ ಕಲ್ಲು ನಿಧಾನವಾಗಿ ಬಂದು ನಡುವಿನ ಚುಕ್ಕಿಯ ಪಕ್ಕ ನಿಂತಿತು. ಕೇಕೆ ಎದ್ದಿತು. ಅವಳೊಬ್ಬಳು ಪೊರಕೆಯ ತುದಿಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ಕೈಯೆತ್ತಿದಳು: ‘ಸರ್, ಅಂಟಿತು.’

‘ನನಗೇಕೆ ಹೇಳುತ್ತೀ? ಅವರ ನಾಯಕನಿಗೆ ಹೇಳು’ ಎಂದೆ.

ಅವರ ನಾಯಕ ನಮ್ಮ ಶಾಲೆಯ ಒಳ್ಳೆಯ ರೈಡರ್. ಕುಕ್ಕರಗಾಲಿನಲ್ಲಿ ಕುಳಿತು ಕಲ್ಲನ್ನು ನೋಡಿದ, ಎದ್ದು ಒಂದು ಸುತ್ತು ಬಂದ. ‘ತೆಗೆಯಿರಿ’ ಎಂದ. ತೆಗೆದರು. ಎ ವಿಭಾಗ ಒಂದಂಕದಿಂದ ಗೆದ್ದಿತು.

ಅವನು ದೊಡ್ಡ ಮನಸ್ಸು ಮಾಡಬೇಕಿತ್ತೆಂದು ಕನ್ನಡ ಮೇಡಂ ನನ್ನೊಡನೆ ವಾದಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅದು ಅವನ ಹಕ್ಕು. ಬಿಟ್ಟುಕೊಡುವುದನ್ನೇ ಕಟ್ಟುಪಾಡು ಮಾಡಿದರೆ ಅವಳು ಒಪ್ಪಿಕೊಂಡದ್ದಕ್ಕೆ ಏನು ಬೆಲೆ? ನಿಜಕ್ಕೂ ಕಷ್ಟವಾದದ್ದು ಅವಳಿಗೆ ಅವಳ ತಂಡದವರಿಂದಲೇ. ‘ಯಾರೂ ನೋಡಿರಲಿಲ್ಲವಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು’ ಎಂದು ನೀರಿನ ತೊಟ್ಟಿಯ ಹತ್ತಿರ ಎರಡು ದಿನ ಕುಟುಕಿದರು. ನಾನು ನಡುವೆ ಹೋಗಲಿಲ್ಲ. ಹೋಗಬೇಕಿತ್ತೇನೋ.

ಉಳಿದ ಪದ್ಧತಿಗಳು ಸುಲಭ. ಆಟಕ್ಕೆ ಮೊದಲೂ ಆಮೇಲೂ ಎಲ್ಲರೂ ಕೈಕುಲುಕುತ್ತಾರೆ. ಎದುರಾಳಿ ಕಲ್ಲು ಬಿಡುವಾಗ ಮಾತಿಲ್ಲ, ಓಡಾಟವಿಲ್ಲ. ಇದನ್ನು ಪಾಲಿಸುವುದರಲ್ಲಿ ಮಕ್ಕಳಿಗಿಂತ ನೋಡಲು ಬಂದ ಶಿಕ್ಷಕರೇ ಹಿಂದೆ. ಸೋಲು ಖಚಿತವಾದರೆ ಸರದಿಗಳು ಉಳಿದಿರುವಾಗಲೇ ಕೈಕುಲುಕಿ ಮುಗಿಸಬಹುದು. ಗೆದ್ದವರು ಸೋತವರಿಗೆ ಏನಾದರೂ ಕುಡಿಸುವ ವಾಡಿಕೆ ಅಲ್ಲಿದೆ. ಇಲ್ಲಿ ಅದು ಚುರುಮುರಿ, ಮಿರ್ಚಿ ಭಜಿಗೆ ತಿರುಗಿತು. ಗೆದ್ದ ತಂಡ ಚಂದಾ ಎತ್ತುವಾಗ ನಡೆಯುವ ಚೌಕಾಸಿ ಪಂದ್ಯಕ್ಕಿಂತ ಬಿರುಸು.

ಒಂದು ಶನಿವಾರ ಶಿಕ್ಷಕರ ತಂಡಕ್ಕೂ ಮಕ್ಕಳಿಗೂ ಪಂದ್ಯವಾಯಿತು. ಮೂರನೆಯ ಸರದಿ ಮುಗಿದು ಎರಡು ಕಲ್ಲು ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದವು. ಅಳೆಯುವುದು ಎರಡೂ ಕಡೆಯ ಉಪನಾಯಕರ ಕೆಲಸ, ನಮ್ಮ ಕಡೆ ನಾನೇ. ಆ ಕಡೆಯ ಹುಡುಗ ಅಳತೆಯ ದಾರ ತರಲು ಹೋಗಿದ್ದ. ನಾನು ಮನೆಯೊಳಗೆ ಕಾಲಿಟ್ಟಾಗ ಬೂಟಿನ ಅಂಚು ನಮ್ಮ ಕಲ್ಲಿಗೆ ತಾಗಿ ಅದು ಒಂದು ಬೆರಳಿನಷ್ಟು ಒಳಸರಿಯಿತು. ಹಾಗೆ ಸರಿಸಿದರೆ ಅಂಕ ಎದುರಾಳಿಗೆ ಹೋಗಬೇಕು. ಈ ನಿಯಮವನ್ನು ಹಲಗೆಯ ಮೇಲೆ ಬರೆಸಿದ್ದವನು ನಾನು. ದಾರ ಬಂತು, ಅಳೆದೆವು, ಅಂಕ ನಮಗೆ ಬಂತು. ನನ್ನ ಬಾಯಿ ಬರಲಿಲ್ಲ.

ಮುಂದಿನ ಸರದಿಯಲ್ಲಿ ನನ್ನ ಎರಡೂ ಕಲ್ಲು ಗೋಡೆಗೆ ಬಡಿದವು. ಕೊನೆಯ ಸರದಿಯೂ ಮುಗಿದು ಕೈಕುಲುಕುವಾಗ ಅವರ ನಾಯಕಿಯ ಮುಂದೆ ನಿಂತು ಹೇಳಿಬಿಟ್ಟೆ. ಅದೇ ಬಿ ವಿಭಾಗದ ಹುಡುಗಿ.

‘ನೋಡಿದ್ದೆ ಸರ್’ ಎಂದಳು. ‘ನೀವೇ ಹೇಳುತ್ತೀರಿ ಎಂದು ಸುಮ್ಮನಿದ್ದೆ.’

ಅಂಕ ತಿದ್ದುವ ಹೊತ್ತು ಮೀರಿತ್ತು. ಹಲಗೆಯ ಮೇಲೆ 4–3 ಹಾಗೆಯೇ ಉಳಿಯಿತು. ಭಜಿಯ ಚಂದಾ ಎತ್ತಲು ಬಂದ ವಿಜ್ಞಾನದ ಮೇಷ್ಟ್ರನ್ನು ವಾಪಸು ಕಳಿಸಿ ಪೂರ್ತಿ ನಾನೇ ಕೊಟ್ಟೆ. ಏಕೆಂದು ಅವರು ಎರಡು ಸಲ ಕೇಳಿದರು.