ಪಿಂಗ್‌ಗೆ ಓಗೊಡದಂತೆ ಮನೆಯ ರೂಟರ್ ಹೊಂದಿಸುವುದು ಹೇಗೆ?

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ದಿನವೇ ನಿಮ್ಮ ರೂಟರ್‌ಗೆ ಹೊರಜಗತ್ತಿನ ಒಂದು ಐಪಿ ವಿಳಾಸವೂ ಸಿಕ್ಕಿರುತ್ತದೆ. ಎಲ್ಲೋ ಕುಳಿತ ಯಾರಾದರೂ ಆ ವಿಳಾಸಕ್ಕೆ ಪುಟ್ಟ ಸಂದೇಶವೊಂದನ್ನು ಕಳಿಸಿ ‘ಇದ್ದೀಯಾ?’ ಎಂದು ವಿಚಾರಿಸಬಹುದು. ತಡೆ ಹಾಕಿರದಿದ್ದರೆ ರೂಟರ್ ಮರುಕ್ಷಣವೇ ‘ಇದ್ದೇನೆ’ ಎನ್ನುತ್ತದೆ. ಈ ಪ್ರಶ್ನೋತ್ತರಕ್ಕೆ ಪಿಂಗ್ ಎಂದು ಹೆಸರು. ಹೊರಗಿನವರ ಪಿಂಗ್‌ಗೆ ಉತ್ತರ ಕೊಡದಂತೆ ಮಾಡುವುದು ಕಷ್ಟವೇನಲ್ಲ, ದುಡ್ಡೂ ಬೇಕಿಲ್ಲ. ಆದರೆ ಅದನ್ನು ಸರಿಯಾದ ಜಾಗದಲ್ಲಿ, ಸರಿಯಾದಷ್ಟೇ ಮಾಡಬೇಕು.

ಪಿಂಗ್ ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೆ. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ನೆಟ್‌ವರ್ಕ್ ಎಲ್ಲಿ ಕೆಟ್ಟಿದೆ ಎಂದು ಪತ್ತೆ ಮಾಡಲು ಇದನ್ನು ಬರೆದರು. ನೀರಿನಡಿ ಸದ್ದು ಕಳಿಸಿ ಪ್ರತಿಧ್ವನಿ ಆಲಿಸುವ ಸೋನಾರ್ ಯಂತ್ರದ ‘ಪಿಂಗ್’ ಸದ್ದೇ ಅದರ ಹೆಸರಾಯಿತು. ಇಂದಿಗೂ ಇಂಟರ್ನೆಟ್ ನಿಧಾನ ಎಂದು ದೂರು ಕೊಟ್ಟರೆ ಸೇವಾ ಕಂಪನಿಯ ತಂತ್ರಜ್ಞರು ಮೊದಲು ನೋಡುವುದು ಇದನ್ನೇ.

ಇದೇ ಸಲಕರಣೆ ಬೇಟೆಗೂ ಬಳಕೆಯಾಯಿತು. 2003ರ ಆಗಸ್ಟ್‌ನಲ್ಲಿ ಒಂದರ ಹಿಂದೊಂದು ಎರಡು ಕಂಪ್ಯೂಟರ್ ಹುಳುಗಳು, ಅಂದರೆ ತಾವಾಗಿಯೇ ಹರಡುವ ಹಾನಿಕರ ಪ್ರೋಗ್ರಾಂಗಳು, ಹಬ್ಬಿದವು. ಮೊದಲು ಬಂದದ್ದು ಬ್ಲಾಸ್ಟರ್. ವಾರದೊಳಗೆ ಅದರ ಬೆನ್ನಿಗೇ ನಾಚಿ ಬಂತು. ವೆಲ್ಚಿಯಾ ಎಂಬ ಹೆಸರೂ ಅದಕ್ಕಿದೆ. ನಾಚಿ ಮೊದಲು ಪಿಂಗ್ ಮಾಡುತ್ತಿತ್ತು. ಉತ್ತರ ಬಂದ ವಿಳಾಸಕ್ಕೆ ಮಾತ್ರ ನುಗ್ಗಲು ಯತ್ನಿಸುತ್ತಿತ್ತು. ಅದರ ಪಿಂಗ್‌ಗಳ ಮಹಾಪೂರದಲ್ಲೇ ಎಷ್ಟೋ ಸಂಸ್ಥೆಗಳ ನೆಟ್‌ವರ್ಕ್ ಉಸಿರುಗಟ್ಟಿತು. ಪಿಂಗ್ ತಡೆದವರ ಕಡೆಗೆ ನಾಚಿ ತಿರುಗಿ ನೋಡಲಿಲ್ಲ. ಬ್ಲಾಸ್ಟರ್ ಹಾಗಲ್ಲ. ಅದು ಏನನ್ನೂ ವಿಚಾರಿಸದೆ ನೇರವಾಗಿ ಕಂಪ್ಯೂಟರಿನ ಸಂಪರ್ಕ ಬಾಗಿಲುಗಳಲ್ಲಿ ಒಂದಾದ 135ನೇ ಪೋರ್ಟ್‌ಗೆ ಕೈ ಹಾಕುತ್ತಿತ್ತು. ಅಲ್ಲಿ ಪಿಂಗ್ ತಡೆದದ್ದರಿಂದ ಏನೂ ಉಪಯೋಗವಾಗಲಿಲ್ಲ. ಗೇಟಿನಲ್ಲಿ ನಿಂತು ‘ಯಾರಿದ್ದೀರಿ?’ ಎಂದು ಕೂಗುವವನಿಗೆ ಓಗೊಡದೆ ಇರುವುದು ಸರಿಯೇ. ಕೂಗದೆಯೇ ಹಿತ್ತಿಲ ಬಾಗಿಲು ತಳ್ಳುವವನಿಗೆ ಚಿಲಕವೇ ಬೇಕು. ಪಿಂಗ್ ತಡೆಯಿರಿ ಎಂದು ನಾನು ಖಂಡಿತ ಹೇಳುತ್ತೇನೆ, ಆದರೆ ಅಷ್ಟಕ್ಕೇ ನಿಲ್ಲಬೇಡಿ.

ಮೊದಲು ರೂಟರ್

ಮನೆಯಲ್ಲಿ ಎಷ್ಟೇ ಕಂಪ್ಯೂಟರ್, ಮೊಬೈಲ್ ಇರಲಿ, ಹಳೆಯ ಮಾದರಿಯ ಐಪಿವಿ4 ವಿಳಾಸದಲ್ಲಿ ಹೊರಗಿನವರಿಗೆ ಕಾಣುವುದು ರೂಟರ್ ಒಂದೇ. ಹೊರಗಿನ ಪಿಂಗ್‌ಗೆ ಉತ್ತರ ಹೇಳುವುದೂ ಅದೇ. ಕಂಪ್ಯೂಟರಿನಲ್ಲಿ ಏನೇನೋ ಬದಲಿಸಿ ರೂಟರ್ ಮುಟ್ಟದಿದ್ದರೆ ಶ್ರಮವೆಲ್ಲ ವ್ಯರ್ಥ.

ಮನೆಯ ವೈಫೈಗೆ ಸೇರಿಕೊಂಡು ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಟೈಪ್ ಮಾಡಿ. ಸರಿಯಾದ ವಿಳಾಸ ಸಾಮಾನ್ಯವಾಗಿ ರೂಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. ಲಾಗಿನ್ ಹೆಸರು, ಪಾಸ್‌ವರ್ಡ್ ಎರಡೂ ‘ಅಡ್ಮಿನ್’ ಎಂದೇ ಇದ್ದರೆ ಬೇರೆಲ್ಲ ಬಿಟ್ಟು ಮೊದಲು ಪಾಸ್‌ವರ್ಡ್ ಬದಲಿಸಿ. ಆಮೇಲೆ ‘ಸೆಕ್ಯುರಿಟಿ’, ‘ಫೈರ್‌ವಾಲ್’ ಅಥವಾ ‘ಅಡ್ವಾನ್ಸ್ಡ್’ ಎಂಬ ಪುಟದಲ್ಲಿ ಹುಡುಕಿ. ಇಲ್ಲಿ ಒಂದು ಎಚ್ಚರಿಕೆ: ಕೆಲವು ರೂಟರ್‌ಗಳಲ್ಲಿ ‘ರೆಸ್ಪಾಂಡ್ ಟು ಪಿಂಗ್ ಫ್ರಮ್ ವ್ಯಾನ್’ ಎಂದಿರುತ್ತದೆ, ಅದರ ಗುರುತನ್ನು ತೆಗೆಯಬೇಕು. ಕೆಲವದರಲ್ಲಿ ‘ಇಗ್ನೋರ್ ಪಿಂಗ್ ಫ್ರಮ್ ವ್ಯಾನ್’ ಎಂದಿರುತ್ತದೆ, ಅದಕ್ಕೆ ಗುರುತು ಹಾಕಬೇಕು. ಅವಸರದಲ್ಲಿ ಓದಿದರೆ ತಿರುವುಮುರುವಾಗುತ್ತದೆ. ‘ವ್ಯಾನ್’ ಎಂದರೆ ಹೊರಗಿನ ಬದಿ, ‘ಲ್ಯಾನ್’ ಎಂದರೆ ಮನೆಯೊಳಗಿನ ಬದಿ. ಲ್ಯಾನ್ ಪಿಂಗ್ ಹಾಗೆಯೇ ಇರಲಿ. ವೈಫೈ ಕೈಕೊಟ್ಟಾಗ ದೋಷ ರೂಟರಿನದೋ ಹೊರಗಿನ ತಂತಿಯದೋ ಎಂದು ತಿಳಿಯಲು ಅದು ಬೇಕು.

ಫೈಬರ್ ಸಂಪರ್ಕದವರು ಕೊಟ್ಟ ಪೆಟ್ಟಿಗೆಯಲ್ಲಿ ಈ ಆಯ್ಕೆ ಕಾಣದೇ ಇರಬಹುದು. ಕೆಲವು ಪುಟಗಳನ್ನು ಕಂಪನಿಯವರು ತಮ್ಮ ಲಾಗಿನ್‌ಗೆ ಮಾತ್ರ ಕಾಣುವಂತೆ ಇಟ್ಟುಕೊಂಡಿರುತ್ತಾರೆ. ‘ವ್ಯಾನ್ ಪಿಂಗ್ ಆಫ್ ಮಾಡಿಕೊಡಿ’ ಎಂದು ಅವರನ್ನೇ ಕೇಳಿ.

ಅಂದಹಾಗೆ, ರೂಟರಿನ ‘ಸ್ಟೇಟಸ್’ ಪುಟದಲ್ಲಿ ವ್ಯಾನ್ ಐಪಿ ವಿಳಾಸವನ್ನು ಒಮ್ಮೆ ನೋಡಿಕೊಳ್ಳಿ. ಅದು 100.64ರಿಂದ 100.127ರೊಳಗಿನ ಅಂಕಿಗಳಿಂದ ಆರಂಭವಾಗಿದ್ದರೆ ನಿಮ್ಮ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದೆ ಎಂದರ್ಥ. ಆಗ ಆ ಸಾರ್ವಜನಿಕ ವಿಳಾಸಕ್ಕೆ ಬರುವ ಪಿಂಗ್ ನಿಮ್ಮ ರೂಟರ್ ತನಕ ಬರುವುದೇ ಇಲ್ಲ.

ಐಪಿವಿ6 ಮರೆಯಬೇಡಿ

ಹೊಸ ಮಾದರಿಯ ಐಪಿವಿ6ನಲ್ಲಿ ಲೆಕ್ಕ ಬೇರೆ. ಅಲ್ಲಿ ಮನೆಯ ಪ್ರತಿಯೊಂದು ಸಾಧನಕ್ಕೂ ಜಗತ್ತಿಗೆಲ್ಲ ಅನ್ವಯಿಸುವ ಸ್ವಂತ ವಿಳಾಸ ಇರುತ್ತದೆ. ನಮ್ಮಲ್ಲಿ ಜಿಯೋದಂಥ ದೊಡ್ಡ ಸಂಪರ್ಕಗಳಲ್ಲಿ ಐಪಿವಿ6 ಈಗಾಗಲೇ ವ್ಯಾಪಕವಾಗಿದೆ. ಆದ್ದರಿಂದ ರೂಟರಿನಲ್ಲಿ ಹೊರಗಿನ ಬೇಡದ ಸಂಪರ್ಕಗಳನ್ನು ತಡೆಯುವ ‘ಐಪಿವಿ6 ಫೈರ್‌ವಾಲ್’ ಆನ್ ಆಗಿದೆಯೇ ನೋಡಿ. ಪಿಂಗ್ ತಡೆಗಿಂತ ಇದು ಎಷ್ಟೋ ಪಾಲು ಮುಖ್ಯ.

ಇನ್ನು ಕಂಪ್ಯೂಟರ್

ಲ್ಯಾಪ್‌ಟಾಪ್ ಹಿಡಿದು ಹೋಟೆಲ್, ರೈಲು ನಿಲ್ದಾಣ, ಕಾಲೇಜಿನ ವೈಫೈ ಬಳಸುವವರಿಗೆ ಈ ಭಾಗ ಬೇಕು. ಅಲ್ಲಿ ನಿಮ್ಮ ರೂಟರಿನ ರಕ್ಷಣೆ ಇಲ್ಲ.

ವಿಂಡೋಸ್‌ನಲ್ಲಿ ಸುಲಭದ ದಾರಿಯೆಂದರೆ ವೈಫೈ ಪ್ರಾಪರ್ಟೀಸ್‌ಗೆ ಹೋಗಿ ‘ಪಬ್ಲಿಕ್ ನೆಟ್‌ವರ್ಕ್’ ಆರಿಸುವುದು. ವಿಂಡೋಸ್ ಫೈರ್‌ವಾಲ್ ಆನ್ ಇದ್ದರೆ ಪಬ್ಲಿಕ್ ವಿಧಾನದಲ್ಲಿ ಒಳಬರುವ ಪಿಂಗ್‌ಗೆ ಸಾಮಾನ್ಯವಾಗಿ ಉತ್ತರ ಹೋಗುವುದಿಲ್ಲ. ಇನ್ನೂ ಖಚಿತವಾಗಬೇಕೆಂದರೆ ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ ‘ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ವಿತ್ ಅಡ್ವಾನ್ಸ್ಡ್ ಸೆಕ್ಯುರಿಟಿ’ ತೆರೆಯಿರಿ. ಎಡಗಡೆ ‘ಇನ್‌ಬೌಂಡ್ ರೂಲ್ಸ್’, ಬಲಗಡೆ ‘ನ್ಯೂ ರೂಲ್’ ಒತ್ತಿ. ‘ಕಸ್ಟಮ್’, ನಂತರ ‘ಆಲ್ ಪ್ರೋಗ್ರಾಮ್ಸ್’ ಆರಿಸಿ. ಪ್ರೋಟೊಕಾಲ್ ಕೇಳಿದಾಗ ‘ಐಸಿಎಂಪಿವಿ4’ ಎಂದು ಕೊಟ್ಟು ಪಕ್ಕದ ‘ಕಸ್ಟಮೈಸ್’ ಗುಂಡಿ ಒತ್ತಿ, ಪಟ್ಟಿಯಲ್ಲಿ ‘ಎಕೋ ರಿಕ್ವೆಸ್ಟ್’ (ಪಿಂಗ್ ಪ್ರಶ್ನೆ) ಒಂದಕ್ಕೇ ಗುರುತು ಹಾಕಿ. ವಿಳಾಸಗಳ ಪುಟವನ್ನು ಇದ್ದಂತೆಯೇ ಬಿಟ್ಟು ಮುಂದೆ ಹೋಗಿ ‘ಬ್ಲಾಕ್ ದಿ ಕನೆಕ್ಷನ್’ ಎನ್ನಿ. ಪ್ರೊಫೈಲ್‌ಗಳಲ್ಲಿ ‘ಪಬ್ಲಿಕ್’ ಮಾತ್ರ ಸಾಕು. ನೆನಪಿರುವಂಥ ಒಂದು ಹೆಸರು ಕೊಟ್ಟು ಮುಗಿಸಿ. ಐಸಿಎಂಪಿವಿ6ಗೂ ಇಂಥದೇ ಇನ್ನೊಂದು ನಿಯಮ ಬೇಕು.

ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್, ನೆಟ್‌ವರ್ಕ್, ಫೈರ್‌ವಾಲ್, ಆಪ್ಷನ್ಸ್ ಎಂದು ಸಾಗಿ ‘ಸ್ಟೆಲ್ತ್ ಮೋಡ್’ ಆನ್ ಮಾಡಿದರೆ ಮುಗಿಯಿತು. ಲಿನಕ್ಸ್ ಬಳಸುವವರು ಕರ್ನಲ್‌ನ ‘ಐಸಿಎಂಪಿ ಎಕೋ ಇಗ್ನೋರ್ ಆಲ್’ ಸೆಟ್ಟಿಂಗ್‌ನ ಬೆಲೆಯನ್ನು 1 ಮಾಡಬೇಕು; ಐಪಿವಿ6ಗೆ ಪ್ರತ್ಯೇಕ ಸೆಟ್ಟಿಂಗ್ ಇದೆ.

ಇಡೀ ಐಸಿಎಂಪಿ ಮುಚ್ಚಬೇಡಿ

‘ಎಕೋ ರಿಕ್ವೆಸ್ಟ್ ಒಂದಕ್ಕೇ’ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಪಿಂಗ್ ಸೇರಿರುವುದು ಐಸಿಎಂಪಿ ಎಂಬ ದೊಡ್ಡ ಸಂದೇಶ ಕುಟುಂಬಕ್ಕೆ. ಅದರಲ್ಲಿ 8ನೇ ಬಗೆ ಪಿಂಗ್ ಪ್ರಶ್ನೆ, 0 ಬಗೆ ಅದರ ಉತ್ತರ. 3ನೇ ಬಗೆಯಲ್ಲಿ ‘ನಿನ್ನ ಪ್ಯಾಕೆಟ್ (ಮಾಹಿತಿಯ ಕಟ್ಟು) ಈ ದಾರಿಗೆ ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸು’ ಎಂಬ ಸೂಚನೆಯೂ ಇದೆ. ಸಾಮಾನ್ಯ ಈಥರ್ನೆಟ್ ಪ್ಯಾಕೆಟ್ 1500 ಬೈಟ್ ಒಯ್ಯುತ್ತದೆ. ಬಿಎಸ್‌ಎನ್‌ಎಲ್ ಫೈಬರ್‌ನಂತೆ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಸಂಪರ್ಕದಲ್ಲಿ ಅದು ಸಾಮಾನ್ಯವಾಗಿ 1492ಕ್ಕೆ ಇಳಿಯುತ್ತದೆ. ಈ ಸೂಚನೆಯನ್ನೂ ತಡೆದರೆ ಕೆಲವು ಜಾಲತಾಣಗಳು ಅರ್ಧ ತೆರೆದು ನಿಂತುಬಿಡುತ್ತವೆ. ಚಿಕ್ಕ ಪುಟ ಬರುತ್ತದೆ, ದೊಡ್ಡದು ಬರುವುದಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಸಾಕುಬೇಕಾಗುತ್ತದೆ. ಐಪಿವಿ6ನಲ್ಲಂತೂ ಅಕ್ಕಪಕ್ಕದ ಸಾಧನಗಳನ್ನು ಗುರುತಿಸುವ ಕೆಲಸವೇ ಐಸಿಎಂಪಿಯಿಂದ ನಡೆಯುತ್ತದೆ. ಅದನ್ನು ಪೂರ್ತಿ ಮುಚ್ಚಿದರೆ ಐಪಿವಿ6 ಸಂಪರ್ಕವೇ ನಿಲ್ಲುತ್ತದೆ.

ಪರೀಕ್ಷೆ

ಮನೆಯ ವೈಫೈಯಲ್ಲಿದ್ದುಕೊಂಡೇ ಸ್ವಂತ ಸಾರ್ವಜನಿಕ ವಿಳಾಸವನ್ನು ಪಿಂಗ್ ಮಾಡಿ ನೋಡಿದರೆ ಫಲಿತಾಂಶ ನಂಬುವಂತಿಲ್ಲ, ಪ್ರಶ್ನೆ ಒಳಗಿನಿಂದಲೇ ಹೋಗುತ್ತದೆ. ಮೊಬೈಲಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಯಾವುದಾದರೂ ಪಿಂಗ್ ಆ್ಯಪ್‌ನಿಂದ ರೂಟರಿನ ವ್ಯಾನ್ ವಿಳಾಸ ಪರೀಕ್ಷಿಸಿ. ಬೇರೆ ಮನೆಯ ವಿಂಡೋಸ್ ಕಂಪ್ಯೂಟರಿನಿಂದ ಮಾಡಿದರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬರಬೇಕು. ಸ್ಟೀವ್ ಗಿಬ್ಸನ್ ಅವರ ‘ಶೀಲ್ಡ್ಸ್ ಅಪ್’ ಎಂಬ ಉಚಿತ ಜಾಲತಾಣ ಪಿಂಗ್ ಜತೆಗೆ ತೆರೆದ ಪೋರ್ಟ್‌ಗಳನ್ನೂ ತೋರಿಸುತ್ತದೆ. ನಿಮ್ಮ ನಿಜವಾದ ಸ್ಥಿತಿ ತಿಳಿಯುವುದು ಆ ಎರಡನೇ ಪಟ್ಟಿಯಿಂದ.

ಚಿಲಕದ ಕೆಲಸ

ಇಂದು ಹುಡುಕುವವರು ಪಿಂಗ್ ಉತ್ತರಕ್ಕೆ ಕಾಯುವುದು ಕಡಿಮೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಹೊರತಂದ ಹುಡುಕು ತಂತ್ರಾಂಶ ಝಡ್‌ಮ್ಯಾಪ್ ಒಂದು ಗಿಗಾಬಿಟ್ ಸಂಪರ್ಕದಲ್ಲಿ ಐಪಿವಿ4ನ ಎಲ್ಲ ಸಾರ್ವಜನಿಕ ವಿಳಾಸಗಳ ಒಂದು ಪೋರ್ಟ್ ಅನ್ನು 45 ನಿಮಿಷದೊಳಗೆ ತಟ್ಟಿ ಬರಬಲ್ಲದೆಂದು ತೋರಿಸಿತು. 2016ರ ಮಿರಾಯ್ ಹುಳು, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. 2017ರ ವಾನಾಕ್ರೈ ಹುಳು ನೇರ 445ನೇ ಪೋರ್ಟ್‌ಗೆ ಬಂತು.

ಹಾಗಾಗಿ ರೂಟರಿನ ಪುಟ ತೆರೆದಿರುವಾಗಲೇ ಇನ್ನು ನಾಲ್ಕು ಕಡೆ ಕಣ್ಣಾಡಿಸಿ. ‘ರಿಮೋಟ್ ಮ್ಯಾನೇಜ್‌ಮೆಂಟ್’ ಆಫ್ ಇರಲಿ. ಸಾಧನಗಳು ತಾವಾಗಿಯೇ ಪೋರ್ಟ್ ತೆರೆದುಕೊಳ್ಳಲು ಬಿಡುವ ‘ಯುಪಿಎನ್‌ಪಿ’ ಅಗತ್ಯವಿಲ್ಲದಿದ್ದರೆ ಅದನ್ನೂ ಆಫ್ ಮಾಡಿ. ಆನ್‌ಲೈನ್ ಆಟ ಆಡುವ ಮಕ್ಕಳಿದ್ದರೆ ಅವರಿಗೆ ಹೇಳಿ ಮಾಡಿ, ಕೆಲವು ಆಟಗಳಿಗೆ ಅದು ಬೇಕು. ‘ಪೋರ್ಟ್ ಫಾರ್ವರ್ಡಿಂಗ್’ ಪಟ್ಟಿಯಲ್ಲಿ ಸಿಸಿಟಿವಿ ಹಾಕಿದವರು ಬಿಟ್ಟುಹೋದ ನಿಯಮಗಳಿದ್ದರೆ ಏಕೆಂದು ಅವರನ್ನೇ ಕೇಳಿ, ಬೇಡದ್ದನ್ನು ಅಳಿಸಿ. ಕೊನೆಗೆ ರೂಟರಿನ ಒಳ ತಂತ್ರಾಂಶವನ್ನು ಹೊಸದಾಗಿಸುವ ‘ಫರ್ಮ್‌ವೇರ್ ಅಪ್‌ಡೇಟ್’ ಒತ್ತಿ. ತಯಾರಕರು ಆ ಮಾದರಿಗೆ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದರೆ ಹೊಸ ರೂಟರ್ ಕೊಳ್ಳಿ, ಅಥವಾ ಪೆಟ್ಟಿಗೆ ಕಂಪನಿಯದಾದರೆ ಬದಲಿಸಿಕೊಡುವಂತೆ ಕೇಳಿ.